ಎಂಟು ಮೂಲೆಗಳ ಘನ: ಬಿಲ್ ಲೊರೆನ್ಸನ್ ಅವರ ವೃತ್ತಿಜೀವನದ ಒಂದು ಚರಿತ್ರೆ

ಹಡ್ಸನ್ ನದಿಯನ್ನು ಕೂಡುವ ಮೊದಲು ಮೊಹಾಕ್ ನದಿ ದೊಡ್ಡದೊಂದು ಬಳಸು ಹಾಕಿ ಹರಿಯುವೆಡೆಯಲ್ಲಿ ನಿಸ್ಕಯೂನ ಎಂಬ ಊರಿದೆ. ಅಲ್ಲಿಯ ದಿಣ್ಣೆಯ ಮೇಲಿರುವ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾ ಕೇಂದ್ರದ ಹೆಸರು ನ್ಯೂಯಾರ್ಕ್ ರಾಜ್ಯದ ಈ ಭಾಗದಲ್ಲಿ ನೆಲೆಸಿರುವ ನಮಗೆ ಹೊಸದಲ್ಲ. 2000ನೆಯ ಇಸವಿಯಲ್ಲಿ ಅದೇ ಕಂಪನಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ತನ್ನ ಮತ್ತೊಂದು ಸಂಶೋಧನಾ ಕೇಂದ್ರವನ್ನು ತೆರೆದ ಮೇಲಂತೂ ಈ ಎರಡು ಊರುಗಳ ನಡುವಣ ಓಡಾಟ ನಮ್ಮ ಜನಕ್ಕೆ ಅಭ್ಯಾಸವಾಗಿಹೋಗಿದೆ. ಎಡಿಸನ್, ಸ್ಟೈನ್‌ಮೆಟ್ಜ್, ಲ್ಯಾಂಗ್‌ಮ್ಯೂರ್ ಎಂಬ ಹೆಸರುಗಳನ್ನು ಇಲ್ಲಿನ ಮಕ್ಕಳು ಶಾಲೆಯಲ್ಲಿಯೇ ಕೇಳಿರುತ್ತಾರೆ. ಆದರೆ ಅದೇ ದಿಣ್ಣೆಯ ಮೇಲೆ ದಶಕಗಳ ಕಾಲ ದುಡಿದು, ಅಂಕಿಗಳ ರಾಶಿಯನ್ನು ಕಣ್ಣಿಗೆ ಕಾಣುವ ಆಕಾರವಾಗಿಸುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ವಿಲಿಯಂ ಲೊರೆನ್ಸನ್ ಅವರ ಹೆಸರು ಆ ಕಸುಬಿನವರ ಹೊರಗೆ ಹೆಚ್ಚು ಪ್ರಚಾರದಲ್ಲಿಲ್ಲ. ಎಲ್ಲರೂ ಅವರನ್ನು ಬಿಲ್ ಎಂದೇ ಕರೆಯುತ್ತಿದ್ದರು. ಅವರ ವೃತ್ತಿಜೀವನವನ್ನು ಅನುಸರಿಸಿ ನಡೆದರೆ ವೈಜ್ಞಾನಿಕ ದೃಶ್ಯೀಕರಣ ಎಂಬ ಶಾಸ್ತ್ರದ ನಲವತ್ತು ವರ್ಷಗಳ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅದರೊಂದಿಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಸಂಬಳಕ್ಕೆ ದುಡಿಯುವ ಮನುಷ್ಯನ ಬುದ್ಧಿಯಿಂದ ಹುಟ್ಟಿದ ವಸ್ತು ಕೊನೆಗೆ ಯಾರದು? ನಮ್ಮಲ್ಲಿ ಬಹುಮಂದಿ ಕೆಲಸಕ್ಕೆ ಸೇರಿದ ದಿನವೇ ಕರಾರುಪತ್ರವೊಂದಕ್ಕೆ ಸಹಿ ಹಾಕಿ ಈ ಪ್ರಶ್ನೆಯನ್ನು ಮರೆತವರು. ಆದ್ದರಿಂದ ಇದು ನಮ್ಮ ಓದುಗರಿಗೆ ತೀರ ಹೊರಗಿನ ವಿಷಯವಾಗಲಾರದು ಎಂದು ನಂಬಿದ್ದೇವೆ.

ಲೊರೆನ್ಸನ್ ಅವರ ವಿದ್ಯಾಭ್ಯಾಸವೂ ಉದ್ಯೋಗವೂ ಇಪ್ಪತ್ತು ಮೈಲಿಗಳ ಸುತ್ತಳತೆಯೊಳಗೇ ನಡೆದುವು. ಟ್ರಾಯ್ ನಗರದ ರೆನ್ಸಲೇರ್ ಪಾಲಿಟೆಕ್ನಿಕ್‌ನಲ್ಲಿ ಗಣಿತದ ಪದವಿ ಮತ್ತು ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ. ಅಲ್ಲಿಂದ ನದಿಯಾಚೆ ಕಣ್ಣಳತೆಯಲ್ಲಿರುವ ವಾಟರ್‌ವ್ಲೀಟ್ ಶಸ್ತ್ರಾಗಾರದಲ್ಲಿ ಮೊದಲ ಕೆಲಸ. 1813ರಿಂದ ಅಮೆರಿಕದ ಸೈನ್ಯಕ್ಕಾಗಿ ದುಡಿಯುತ್ತಿರುವ, ದೊಡ್ಡ ತೋಪುಗಳ ನಳಿಗೆಗಳಿಗೆ ಹೆಸರಾದ ಜಾಗ ಅದು. ಅಲ್ಲಿಯ ಬೆನೆ ಪ್ರಯೋಗಾಲಯದಲ್ಲಿ ಅವರು ಗಣಿತಜ್ಞರಾಗಿದ್ದು, ರಚನಾ ವಿಶ್ಲೇಷಣೆಗೆ ಬೇಕಾದ ಚಿತ್ರ ತಂತ್ರಾಂಶಗಳನ್ನು ಬರೆಯುತ್ತಿದ್ದರು. ಲೋಹದ ಒಂದು ಭಾಗವನ್ನು ಮನಸ್ಸಿನಲ್ಲೇ ಸಾವಿರಾರು ಚಿಕ್ಕ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೇಲೆ ಬೀಳುವ ಒತ್ತಡವೆಷ್ಟೆಂದು ಲೆಕ್ಕ ಹಾಕುವುದು ಆ ವಿಶ್ಲೇಷಣೆಯ ಕ್ರಮ. ಫಲಿತಾಂಶ ಬರುವುದು ಅಂಕಿಗಳ ರೂಪದಲ್ಲಿ. ಅಂಕಿ ಸರಿಯಾಗಿಯೇ ಇರುತ್ತದೆ. ಆದರೆ ಬಿರುಕು ಎಲ್ಲಿ ಬಿಡುವುದೆಂದು ಪುಟಗಟ್ಟಲೆ ಅಂಕಿಗಳನ್ನು ಓದಿ ಹೇಳುವುದು ಯಾರಿಂದಲೂ ಆಗುವ ಮಾತಲ್ಲ. ಅದಕ್ಕೆ ಚಿತ್ರ ಬೇಕು. ಮುಂದಿನ ನಾಲ್ಕು ದಶಕಗಳಲ್ಲಿ ಲೊರೆನ್ಸನ್ ಮಾಡಿದ್ದೆಲ್ಲದರ ಬೀಜ ಈ ಸರಳ ಅಗತ್ಯದಲ್ಲೇ ಇದೆ.

1978ರಲ್ಲಿ ಅವರು ಜನರಲ್ ಎಲೆಕ್ಟ್ರಿಕ್ ಸಂಶೋಧನಾ ಕೇಂದ್ರವನ್ನು ಸೇರಿದರು. ದೇಹದ ಒಳಗನ್ನು ಕಾಣಿಸುವ ವಿದ್ಯೆಗೂ ಆ ಕೇಂದ್ರಕ್ಕೂ ಹಳೆಯ ನಂಟು. ಇಂದಿಗೂ ಎಕ್ಸ್‌ರೇ ಯಂತ್ರಗಳಲ್ಲಿ ಮೂಲ ಮಾದರಿಯಾಗಿ ಉಳಿದಿರುವ ಬಿಸಿ ತಂತಿಯ ಕೊಳವೆಯನ್ನು 1913ರಲ್ಲಿ ರೂಪಿಸಿದ ವಿಲಿಯಂ ಕೂಲಿಡ್ಜ್ ಇಲ್ಲಿಯವರೇ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಹೋಳುಹೋಳಾಗಿ ತೋರಿಸಿದ ಮೇಲೆ ಈ ವಿದ್ಯೆ ಹೊಸ ತಿರುವು ಪಡೆದಿತ್ತು. ಎಂಬತ್ತರ ದಶಕದಲ್ಲಿ ಎಂ.ಆರ್.ಐ. ಕೂಡ ಬಂದಿತು. ಎರಡರ ಫಲವೂ ಒಂದೇ ಬಗೆಯದು. ಕುಂಬಳಕಾಯಿಯನ್ನು ಅಡ್ಡಡ್ಡಲಾಗಿ ತೆಳುವಾದ ಬಿಲ್ಲೆಗಳಾಗಿ ಕೊಯ್ದು ಒಂದೊಂದನ್ನೂ ಹಾಳೆಯ ಮೇಲೆ ಅಚ್ಚೊತ್ತಿಟ್ಟರೆ ಹೇಗೋ ಹಾಗೆ. ಪ್ರತಿ ಬಿಲ್ಲೆಯೂ ಸ್ಪಷ್ಟ, ಇಡೀ ಕಾಯಿ ಮಾತ್ರ ಎಲ್ಲಿಯೂ ಕಾಣದು. ನುರಿತ ತಜ್ಞರು ಬಿಲ್ಲೆಗಳನ್ನು ನೋಡುತ್ತ ಮನಸ್ಸಿನಲ್ಲೇ ಕಾಯಿಯನ್ನು ಕಟ್ಟಿಕೊಳ್ಳುತ್ತಾರೆ. ಒಡೆದ ತಲೆಬುರುಡೆಯನ್ನು ಮರುದಿನ ಜೋಡಿಸಬೇಕಾದ ಶಸ್ತ್ರವೈದ್ಯರಿಗೆ ಅಷ್ಟು ಸಾಲದು. ಅವರಿಗೆ ತಿರುಗಿಸಿ ನೋಡಬಲ್ಲ ಬುರುಡೆಯೇ ಬೇಕು.

ಇದಕ್ಕೆ ಮೊದಲೂ ಪ್ರಯತ್ನಗಳು ನಡೆದಿದ್ದುವು. ಪ್ರತಿ ಬಿಲ್ಲೆಯಲ್ಲಿ ಎಲುಬಿನ ಅಂಚನ್ನು ಗೆರೆಯಾಗಿ ಎಳೆದು, ಮೇಲಿನ ಗೆರೆಯನ್ನು ಕೆಳಗಿನದಕ್ಕೆ ತ್ರಿಭುಜಗಳಿಂದ ಹೊಲಿಯುವ ವಿಧಾನವನ್ನು 1975ರಲ್ಲಿ ಕೆಪೆಲ್, 1977ರಲ್ಲಿ ಫುಕ್ಸ್, ಕೆಡೆಮ್ ಮತ್ತು ಯುಸೆಲ್ಟನ್ ಮುಂದಿಟ್ಟಿದ್ದರು. ಒಂದು ಗೆರೆ ಮುಂದಿನ ಬಿಲ್ಲೆಯಲ್ಲಿ ಎರಡಾಗಿ ಕವಲೊಡೆದರೆ ಯಾವುದನ್ನು ಯಾವುದಕ್ಕೆ ಹೊಲಿಯಬೇಕೆಂಬ ಗೊಂದಲ ಅಲ್ಲಿತ್ತು. 1979ರಲ್ಲಿ ಹರ್ಮನ್ ಮತ್ತು ಲಿಯು ದೇಹವನ್ನು ಚಿಕ್ಕ ಚಿಕ್ಕ ಘನಗಳ ಗೋಡೆಯೆಂದು ಭಾವಿಸಿ, ಎಲುಬಿನ ಘನಗಳ ಹೊರಮುಖಗಳನ್ನಷ್ಟೇ ತೋರಿಸಿದರು. ಗೊಂದಲವೇನೋ ಹೋಯಿತು, ಆದರೆ ಮುಖ ಇಟ್ಟಿಗೆ ಜೋಡಿಸಿ ಕಟ್ಟಿದಂತೆ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು.

ಲೊರೆನ್ಸನ್ ಮತ್ತು ಅವರ ಸಹೋದ್ಯೋಗಿ ಹಾರ್ವಿ ಕ್ಲೈನ್ ಕಂಡುಕೊಂಡ ದಾರಿಯನ್ನು ತುಸು ನಿಧಾನವಾಗಿ ನೋಡೋಣ. ಈ ಲೇಖನದ ತಿರುಳು ಅಲ್ಲಿಯೇ ಇದೆ. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಚುಕ್ಕಿಗಳನ್ನು ಸಾಲಾಗಿ ಇಟ್ಟು, ಎಳೆಯನ್ನು ಅವುಗಳ ಮೇಲೆ ಹಾಯಿಸದೆ ನಡುನಡುವೆ ಸುತ್ತಿಸುತ್ತಾ ಹೋಗುವ ಬಗೆಯ ರಂಗೋಲಿ ಅದು. ಈಗ ಪ್ರತಿ ಚುಕ್ಕಿಗೂ ಒಂದು ಅಂಕಿ ಇದೆಯೆಂದು ಭಾವಿಸಿ. ನಾವು ಆರಿಸಿಕೊಂಡ ಒಂದು ಮಟ್ಟಕ್ಕಿಂತ ಹೆಚ್ಚಿನ ಅಂಕಿಯ ಚುಕ್ಕಿಗಳು ಎಳೆಯ ಒಳಗೆ, ಕಡಿಮೆಯವು ಹೊರಗೆ ಬೀಳುವಂತೆ ಎಳೆ ಎಳೆಯಬೇಕು. ಭೂಗೋಳದ ನಕ್ಷೆಗಳ ಸಮೋನ್ನತಿ ರೇಖೆಗಳು ಹುಟ್ಟುವುದು ಹೀಗೆಯೇ. ಸಿ.ಟಿ. ದತ್ತಾಂಶದಲ್ಲಿ ಚುಕ್ಕಿಗಳು ನೆಲದ ಮೇಲಷ್ಟೇ ಇರದೆ ಪದರ ಪದರವಾಗಿ ಮೇಲಕ್ಕೂ ಏರುತ್ತವೆ; ಆದ್ದರಿಂದ ಎಳೆಯ ಬದಲು ಒಂದು ಪೊರೆ ಬೇಕಾಗುತ್ತದೆ. ಎಲುಬಿನ ಸಾಂದ್ರತೆಗೆ ತಕ್ಕ ಮಟ್ಟವನ್ನು ಆರಿಸಿದರೆ ಎಲುಬಿನ ಮೇಲ್ಮೈ ಸಿಗುತ್ತದೆ, ಚರ್ಮದ್ದನ್ನು ಆರಿಸಿದರೆ ಚರ್ಮದ್ದು.

ಇಬ್ಬರೂ ಮಾಡಿದ ಉಪಾಯವೆಂದರೆ ಇಡೀ ಪೊರೆಯ ಚಿಂತೆಯನ್ನೇ ಬಿಟ್ಟದ್ದು. ಎರಡು ನೆರೆಯ ಪದರಗಳಿಂದ ನಾಲ್ಕು ನಾಲ್ಕು ಚುಕ್ಕಿಗಳನ್ನು ತೆಗೆದುಕೊಂಡರೆ ಎಂಟು ಮೂಲೆಗಳ ಒಂದು ಘನವಾಗುತ್ತದೆ. ಪ್ರತಿ ಮೂಲೆ ಪೊರೆಯ ಒಳಗೋ ಹೊರಗೋ ಎಂಬ ಎರಡೇ ಸ್ಥಿತಿ ಸಾಧ್ಯ. ಎಂಟು ಮೂಲೆಗಳಿಗೆ ಒಟ್ಟು 256 ಸ್ಥಿತಿಗಳು. ತಿರುಗಿಸಿ, ಮಗುಚಿ ನೋಡಿದರೆ ಒಂದೇ ಆಗುವವುಗಳನ್ನು ಒಟ್ಟುಗೂಡಿಸಿದಾಗ ಉಳಿಯುವುದು 15 ಮಾದರಿಗಳು ಮಾತ್ರ, ಅವುಗಳಲ್ಲಿ ಒಂದು ಏನೂ ಇಲ್ಲದ ಖಾಲಿ ಘನ. ಪ್ರತಿ ಮಾದರಿಯಲ್ಲಿ ಪೊರೆ ಘನವನ್ನು ಯಾವ ಯಾವ ಅಂಚುಗಳಲ್ಲಿ ಕತ್ತರಿಸುವುದು, ಅಲ್ಲಿ ಎಷ್ಟು ತ್ರಿಭುಜಗಳನ್ನು ಇಡಬೇಕು ಎಂಬುದನ್ನು ಒಮ್ಮೆ ಕೂತು ಕೋಷ್ಟಕವಾಗಿ ಬರೆದಿಟ್ಟರೆ ಮುಗಿಯಿತು. ಗಣಕ ಒಂದು ಘನವನ್ನು ನೋಡಿ, ಕೋಷ್ಟಕದಿಂದ ತ್ರಿಭುಜಗಳನ್ನು ಎತ್ತಿಟ್ಟು ಮುಂದಿನ ಘನಕ್ಕೆ ನಡೆಯುತ್ತದೆ. ಈ ನಡೆಯಿಂದಲೇ ಅದಕ್ಕೆ ‘ಮಾರ್ಚಿಂಗ್ ಕ್ಯೂಬ್ಸ್’ ಎಂಬ ಹೆಸರು. ಅಂಚಿನ ಮೇಲೆ ಪೊರೆ ಹಾಯುವ ನಿಖರ ಬಿಂದುವನ್ನು ಎರಡು ತುದಿಗಳ ಅಂಕಿಗಳಿಂದ ಲೆಕ್ಕ ಹಾಕುವುದರಿಂದ ಇಟ್ಟಿಗೆಯ ಒರಟುತನ ಇಲ್ಲ. ದತ್ತಾಂಶವು ಯಾವ ದಿಕ್ಕಿನಲ್ಲಿ ವೇಗವಾಗಿ ಬದಲಾಗುತ್ತಿದೆ ಎಂಬುದರಿಂದ ಮೇಲ್ಮೈಯ ಬಾಗನ್ನು ತಿಳಿದು ಬೆಳಕು-ನೆರಳು ಹಾಕುವುದರಿಂದ ತ್ರಿಭುಜಗಳ ಕೀಲುಗಳೂ ಕಾಣುವುದಿಲ್ಲ. ಎಲ್ಲರ ಬಾಯಲ್ಲೂ ಕೋಷ್ಟಕದ ಮಾತೇ ಇದ್ದರೂ, ಆ ಚಿತ್ರಗಳು ವೈದ್ಯರ ಕಣ್ಣಿಗೆ ಹಿಡಿಸಲು ಈ ಬೆಳಕಿನ ಲೆಕ್ಕವೇ ಹೆಚ್ಚು ಕಾರಣವೆಂದು ನಮ್ಮ ಎಣಿಕೆ.

1987ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ನಡೆದ ಸಿಗ್ರಾಫ್ ಸಮ್ಮೇಳನದಲ್ಲಿ ಈ ಪ್ರಬಂಧ ಪ್ರಕಟವಾಯಿತು. ಏಳೇ ಪುಟ. ಅದರಲ್ಲಿನ ಒಂದು ಉದಾಹರಣೆ ಬಾಲಕನೊಬ್ಬನ ತಲೆಯ ಸಿ.ಟಿ.; ಒಂದೂವರೆ ಮಿಲಿಮೀಟರ್ ದಪ್ಪದ 93 ಬಿಲ್ಲೆಗಳು. ಎಲುಬಿನ ಮೇಲ್ಮೈಗೇ ಐದು ಲಕ್ಷಕ್ಕಿಂತ ಹೆಚ್ಚು ತ್ರಿಭುಜಗಳು ಬೇಕಾದುವು. ಅಂದಿನ ವ್ಯಾಕ್ಸ್ ಗಣಕಕ್ಕೆ ಇದು ಬಹಳ ಭಾರದ ಹೊರೆಯೇ. ಗಣಕಚಿತ್ರಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿನಲ್ಲಿ ಇಂದು ಅದಕ್ಕೆ ಸ್ಥಾನವಿದೆ. ಹಾಗೆಂದು ಅದು ಆಕಾಶದಿಂದ ಉದುರಿದ್ದೂ ಅಲ್ಲ, ಕುಂದಿಲ್ಲದ್ದೂ ಅಲ್ಲ. ವೈವಿಲ್ ಸಹೋದರರು ಮತ್ತು ಮೆಕ್‌ಫೀಟರ್ಸ್ 1986ರಲ್ಲಿಯೇ ಬೇರೊಂದು ಉದ್ದೇಶಕ್ಕೆ ಇದನ್ನು ಹೋಲುವ ವಿಧಾನವನ್ನು ಪ್ರಕಟಿಸಿದ್ದರು. ಪ್ರಬಂಧ ಬಂದ ಮರುವರ್ಷವೇ ಮಾರ್ಟಿನ್ ಡ್ಯೂರ್ಸ್ಟ್ ಎಂಬವರು, ನೆರೆಯ ಎರಡು ಘನಗಳು ತಮ್ಮ ನಡುವಣ ಮುಖವನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡರೆ ಪೊರೆಯಲ್ಲಿ ತೂತು ಉಳಿಯಬಹುದೆಂದು ತೋರಿಸಿದರು. ಮುಖದ ಕರ್ಣಕ್ಕೆ ಎದುರುಬದುರಾದ ಎರಡು ಮೂಲೆಗಳು ಒಳಗಿದ್ದು ಉಳಿದೆರಡು ಹೊರಗಿದ್ದರೆ ಎಳೆಯನ್ನು ಎರಡು ರೀತಿಯಲ್ಲಿ ಎಳೆಯಲು ಸಾಧ್ಯವಲ್ಲವೇ, ಅದೇ ತೊಡಕು. 1991ರಲ್ಲಿ ನೀಲ್ಸನ್ ಮತ್ತು ಹಾಮನ್ ಅದಕ್ಕೊಂದು ನಿರ್ಣಯಸೂತ್ರ ಕೊಟ್ಟರು. ಅಲ್ಲಿಂದ ಮುಂದೆ ಈ ಒಂದು ತೂತನ್ನು ಮುಚ್ಚುವ ಪ್ರಬಂಧಗಳದೇ ಒಂದು ಪರಂಪರೆಯಾಯಿತು.

1987 ಇನ್ನೊಂದು ಕಾರಣಕ್ಕೂ ಗಮನಾರ್ಹ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1985ರಿಂದ ವಿಶ್ವವಿದ್ಯಾಲಯಗಳಿಗಾಗಿ ಸೂಪರ್‌ಕಂಪ್ಯೂಟರ್ ಕೇಂದ್ರಗಳನ್ನು ತೆರೆಯತೊಡಗಿತ್ತು. ಯಂತ್ರಗಳು ಉಗುಳುವ ಅಂಕಿಗಳನ್ನು ನೋಡಿ ಅರ್ಥ ಮಾಡಿಕೊಳ್ಳುವ ಸಾಧನವಿಲ್ಲದೆ ಆ ಹಣವೆಲ್ಲ ವ್ಯರ್ಥವಾದೀತೆಂದು ವಾದಿಸಿದ ವರದಿಯೊಂದನ್ನು ಮೆಕ್‌ಕಾರ್ಮಿಕ್, ಡಿಫಾಂಟಿ ಮತ್ತು ಮ್ಯಾಕ್ಸಿನ್ ಬ್ರೌನ್ ಅದೇ ವರ್ಷ ಸಂಪಾದಿಸಿದರು. ವೈಜ್ಞಾನಿಕ ದೃಶ್ಯೀಕರಣ ಎಂಬುದು ಸ್ವತಂತ್ರ ಶಾಸ್ತ್ರವೆಂದು ಎಣಿಸಲ್ಪಟ್ಟದ್ದು ಬಹುಮಟ್ಟಿಗೆ ಆ ವರದಿಯಿಂದ. 1990ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದರ ಮೊದಲ ಐಟ್ರಿಪಲ್ಇ ಸಮ್ಮೇಳನ ನಡೆಯಿತು. ಇತ್ತ ನಮ್ಮ ಬೆಂಗಳೂರಿನಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯದಲ್ಲಿ, ಗಾಳಿಯ ಹರಿವಿನ ಲೆಕ್ಕಕ್ಕಾಗಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕ 1986ರಲ್ಲೇ ಚಾಲನೆಗೊಂಡಿತ್ತು. ಹಲವು ಸಂಸ್ಕಾರಕಗಳಿಗೆ ಲೆಕ್ಕವನ್ನು ಹಂಚಿಕೊಡುವ ಯೋಚನೆ ಆಗ ಅಲ್ಲಿಯೂ ಇಲ್ಲಿಯೂ ಎಳೆಯದು.

ಈಗ ಹಕ್ಕಿನ ಪ್ರಶ್ನೆಗೆ ಬರೋಣ. ಸಮ್ಮೇಳನದ ಪ್ರಬಂಧಕ್ಕಿಂತ ಎರಡು ವರ್ಷ ಮೊದಲೇ, 1985ರ ಜೂನ್ 5ರಂದು, ಪೇಟೆಂಟಿಗೆ ಅರ್ಜಿ ಹೋಗಿತ್ತು. 1987ರ ಡಿಸೆಂಬರ್ 1ರಂದು 4,710,876 ಸಂಖ್ಯೆಯ ಪೇಟೆಂಟು ದೊರೆಯಿತು. ಆವಿಷ್ಕರ್ತರ ಹೆಸರು ಕ್ಲೈನ್ ಮತ್ತು ಲೊರೆನ್ಸನ್, ಒಡೆತನ ಕಂಪನಿಯದು. ಇದರಲ್ಲಿ ಅಸಹಜವೇನೂ ಇಲ್ಲ. ಸಂಶೋಧನೆಗೆ ಹಣ ಹೂಡಿದವರು ಫಲವನ್ನು ಕಾಯ್ದುಕೊಳ್ಳುವುದು ಈ ದೇಶದ ಕೈಗಾರಿಕಾ ಪ್ರಯೋಗಾಲಯಗಳ ನೂರು ವರ್ಷಗಳ ಪದ್ಧತಿ, ಮತ್ತು ಲೊರೆನ್ಸನ್ ಅವರ ಹೆಸರಿನಲ್ಲಿ ಕೊನೆಗೆ 30ಕ್ಕೂ ಮಿಕ್ಕಿದ ಪೇಟೆಂಟುಗಳಿದ್ದುವು. ಆದರೆ ಪ್ರಬಂಧವನ್ನು ಓದಿದ ವಿದ್ಯಾರ್ಥಿ ಒಂದೆರಡು ವಾರಗಳಲ್ಲಿ ತಾನೇ ಬರೆದುಕೊಳ್ಳಬಹುದಾದ ಸರಳ ವಿಧಾನಕ್ಕೆ ಬೀಗ ಬಿದ್ದಾಗ ಜನ ಬೇರೆ ದಾರಿ ಹುಡುಕುವುದೂ ಸಹಜವೇ. ಘನವನ್ನು ಚತುರ್ಮುಖಿಗಳಾಗಿ ಸೀಳಿ ಕೆಲಸ ಮಾಡುವ ಪರ್ಯಾಯ ವಿಧಾನ ಜನಪ್ರಿಯವಾದದ್ದಕ್ಕೆ ಅದರ ಗಣಿತದ ಗುಣ ಒಂದು ಕಾರಣವಾದರೆ, ಪೇಟೆಂಟನ್ನು ತಪ್ಪಿಸಿಕೊಳ್ಳುವ ಬಯಕೆ ಇನ್ನೊಂದು.

ಇದರ ಮುಂದಿನ ಘಟ್ಟವೇ ನಮಗೆ ಹೆಚ್ಚು ಸ್ವಾರಸ್ಯಕರವಾಗಿ ಕಂಡದ್ದು. ಕಂಪನಿಯ ಒಳಗೆ ಲೊರೆನ್ಸನ್ ಅವರ ಗುಂಪು ‘ಲಿಂಬ್’ ಎಂಬ ದೃಶ್ಯೀಕರಣ ವ್ಯವಸ್ಥೆಯನ್ನು ಕಟ್ಟಿ ಬಳಸುತ್ತಿತ್ತು. ತಂತ್ರಾಂಶವನ್ನು ಸ್ವಯಂಪೂರ್ಣ ವಸ್ತುಗಳ ಜೋಡಣೆಯಾಗಿ ರೂಪಿಸುವ ವಿಧಾನದ ಬಗ್ಗೆ ಅವರು ರಂಬಾ ಮೊದಲಾದ ಸಹೋದ್ಯೋಗಿಗಳೊಡನೆ ಬರೆದ ಪುಸ್ತಕ 1991ರಲ್ಲಿ ಹೊರಬಂದು ಬಹುಕಾಲ ಪಠ್ಯವಾಗಿ ಉಳಿಯಿತು. ಅದೇ ವರ್ಷ ಅವರಿಗೆ ಕೇಂದ್ರದ ಅತ್ಯುನ್ನತ ಮನ್ನಣೆಯಾದ ಕೂಲಿಡ್ಜ್ ಫೆಲೋ ಪದವಿಯೂ ಬಂತು. ಎಕ್ಸ್‌ರೇ ಕೊಳವೆಯ ಕರ್ತೃವಿನ ಹೆಸರಿನ ಗೌರವ ಸಿ.ಟಿ. ಚಿತ್ರಗಳಿಗೆ ಆಕಾರ ಕೊಟ್ಟವರಿಗೆ ಸಂದದ್ದು ಒಪ್ಪುವ ಮಾತು. ಇಷ್ಟೆಲ್ಲ ಇದ್ದೂ ಲಿಂಬ್ ಗೋಡೆಯೊಳಗಿನ ಸೊತ್ತು. ಹೊರಗಿನ ವಿದ್ಯಾರ್ಥಿ ಅದನ್ನು ಮುಟ್ಟುವಂತಿರಲಿಲ್ಲ. ಅದನ್ನು ಕಟ್ಟಿದವರು ಕೆಲಸ ಬಿಟ್ಟರೆ ಅವರೂ ಮುಟ್ಟುವಂತಿರಲಿಲ್ಲ.

1993ರ ಡಿಸೆಂಬರಿನಲ್ಲಿ ವಿಲ್ ಶ್ರೋಡರ್, ಕೆನ್ ಮಾರ್ಟಿನ್ ಮತ್ತು ಲೊರೆನ್ಸನ್, ಮೂವರೂ ಸೇರಿ ದೃಶ್ಯೀಕರಣದ ಪಠ್ಯಪುಸ್ತಕವೊಂದನ್ನು ಬರೆಯಲು ತೊಡಗಿದರು. ಪುಸ್ತಕದ ಜೊತೆಗೆ ಓದುಗರು ಓಡಿಸಿ ನೋಡಬಹುದಾದ ತಂತ್ರಾಂಶವನ್ನೂ ಕೊಡಬೇಕೆಂಬುದು ಅವರ ಸಂಕಲ್ಪ. ಆ ಕೆಲಸವನ್ನು ಅವರು ತಮ್ಮ ಸ್ವಂತ ಸಮಯದಲ್ಲಿ, ಕಂಪನಿಯ ಅನುಮತಿ ಪಡೆದು ಮಾಡಿದರು. ಹೀಗಾಗಿ ತಂತ್ರಾಂಶದ ಒಡೆತನ ಬರೆದವರಲ್ಲಿಯೇ ಉಳಿಯಿತು. ‘ಸ್ವಂತ ಸಮಯ’, ‘ಅನುಮತಿ’ ಎಂಬ ಈ ಎರಡು ಸಣ್ಣ ಮಾತುಗಳ ಬೆಲೆ ತಿಳಿಯಬೇಕಾದರೆ ಹಗಲೆಲ್ಲ ದುಡಿದು ಬಂದು, ಮಕ್ಕಳು ಮಲಗಿದ ಮೇಲೆ ಮತ್ತೆ ಪರದೆಯ ಮುಂದೆ ಕೂತವರನ್ನು ಕೇಳಬೇಕು. ಅನುಮತಿ ಕೊಟ್ಟ ಮೇಲಧಿಕಾರಿಗಳ ಉದಾರತೆಯನ್ನೂ ಇಲ್ಲಿ ಮರೆಯಬಾರದು. ಹೀಗೆ ಹುಟ್ಟಿದ ‘ವಿಷುವಲೈಸೇಶನ್ ಟೂಲ್‌ಕಿಟ್’, ವಿ.ಟಿ.ಕೆ. ಎಂಬ ಮೂರಕ್ಷರದಿಂದ ಲೋಕಪ್ರಸಿದ್ಧವಾಯಿತು. ಅದರ ಮೂಲಪಠ್ಯವನ್ನು ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು, ತಮ್ಮ ಉತ್ಪನ್ನದಲ್ಲಿ ಸೇರಿಸಿಕೊಳ್ಳಬಹುದಿತ್ತು.

ಒಂದು ಮೂಲೆಯಲ್ಲಿ ಮಾತ್ರ ಹಾಗಿರಲಿಲ್ಲ. ವಿ.ಟಿ.ಕೆ.ಯ ಕಡತಗಳ ನಡುವೆ ‘ಪೇಟೆಂಟೆಡ್’ ಎಂಬ ಹೆಸರಿನ ಒಂದು ಕೋಶವಿತ್ತು. ಮಾರ್ಚಿಂಗ್ ಕ್ಯೂಬ್ಸ್ ಇದ್ದದ್ದು ಅಲ್ಲಿ. ತ್ರಿಭುಜಗಳ ಸಂಖ್ಯೆಯನ್ನು ಆಕಾರ ಕೆಡದಂತೆ ಇಳಿಸಲು ಶ್ರೋಡರ್, ಜಾರ್ಜ್ ಮತ್ತು ಲೊರೆನ್ಸನ್ 1992ರಲ್ಲಿ ಪ್ರಕಟಿಸಿದ ವಿಧಾನವೂ ಅಲ್ಲಿಯೇ ಇತ್ತು. ಓದಬಹುದು, ಕಲಿಯಬಹುದು, ವಾಣಿಜ್ಯಕ್ಕೆ ಬಳಸಬೇಕಾದರೆ ಪೇಟೆಂಟಿನ ಒಡೆಯರ ಅನುಮತಿ ಬೇಕು. ಲೊರೆನ್ಸನ್ ತಾವೇ ಕಂಡುಹಿಡಿದ ವಿಧಾನವನ್ನು ತಾವೇ ಬರೆದ ಮುಕ್ತ ತಂತ್ರಾಂಶದಲ್ಲಿ ಬೇಲಿ ಹಾಕಿ ಇಡಬೇಕಾಯಿತು. ಕಂಪನಿ ತನ್ನದನ್ನು ಕಾಯ್ದುಕೊಂಡಿತೆಂದು ದೂರುವುದಕ್ಕಿಂತ, ಬೇಲಿಯ ಗೆರೆಯನ್ನು ಮರೆಮಾಚದೆ ಒಂದು ಕೋಶದ ಹೆಸರಿನಲ್ಲೇ ಬರೆದಿಟ್ಟ ಆ ಮೂವರ ಪ್ರಾಮಾಣಿಕತೆಯನ್ನು ಮೆಚ್ಚಬೇಕೆಂದು ನಮಗೆ ತೋರುತ್ತದೆ. 2005ರ ಜೂನ್ 5ಕ್ಕೆ ಪೇಟೆಂಟಿನ ಅವಧಿ ತೀರಿತು.

1998ರಲ್ಲಿ ಶ್ರೋಡರ್, ಮಾರ್ಟಿನ್ ಮೊದಲಾದ ಐವರು ಕಂಪನಿಯಿಂದ ಹೊರಬಂದು, ಇಲ್ಲಿಗೆ ಹತ್ತಿರದ ಕ್ಲಿಫ್ಟನ್ ಪಾರ್ಕಿನಲ್ಲಿ ‘ಕಿಟ್‌ವೇರ್’ ಸಂಸ್ಥೆಯನ್ನು ಸ್ಥಾಪಿಸಿ ವಿ.ಟಿ.ಕೆ.ಯನ್ನು ಬೆಳೆಸಿದರು. ಲೊರೆನ್ಸನ್ ಹೋಗಲಿಲ್ಲ. ದಿಣ್ಣೆಯ ಮೇಲೆಯೇ ಉಳಿದು, ಎಷ್ಟೋ ಮಂದಿ ಕೀಳೆಂದು ತಿಳಿಯುವ ಕೆಲಸವೊಂದನ್ನು ಹಿಡಿದರು: ಪರೀಕ್ಷೆ. ಜಗತ್ತಿನ ನಾನಾ ಮೂಲೆಗಳಿಂದ ಅಪರಿಚಿತರು ತಿದ್ದುಪಡಿಗಳನ್ನು ಕಳಿಸುವ ತಂತ್ರಾಂಶದಲ್ಲಿ ನಿನ್ನೆ ಸರಿಯಿದ್ದುದು ಇಂದು ಕೆಡದಂತೆ ನೋಡಿಕೊಳ್ಳುವುದು ಹೇಗೆ? ಪ್ರತಿ ರಾತ್ರಿ ಇಡೀ ತಂತ್ರಾಂಶವನ್ನು ಬೇರೆ ಬೇರೆ ಯಂತ್ರಗಳ ಮೇಲೆ ಹೊಸದಾಗಿ ಕಟ್ಟಿ, ಪ್ರತಿ ಭಾಗವೂ ಬರೆಯುವ ಚಿತ್ರವನ್ನು ಮೊದಲೇ ಒಪ್ಪಿಕೊಂಡ ಚಿತ್ರದೊಡನೆ ಹೋಲಿಸಿ, ಬೆಳಿಗ್ಗೆ ಏಳುವಷ್ಟರಲ್ಲಿ ಹಸಿರು-ಕೆಂಪು ಪಟ್ಟಿಯೊಂದು ಎಲ್ಲರಿಗೂ ಕಾಣುವಂತೆ ಮಾಡುವ ಪದ್ಧತಿಯನ್ನು ಅವರೂ ಅವರ ಸಂಗಡಿಗರೂ ರೂಢಿಸಿದರು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನಿಂದ ಆರಂಭವಾದ ವೈದ್ಯಕೀಯ ಚಿತ್ರಗಳ ಮುಕ್ತ ತಂತ್ರಾಂಶ ಐ.ಟಿ.ಕೆ.ಗೂ ಈ ಶಿಸ್ತು ಬಂತು. ಬಾಸ್ಟನ್ನಿನ ಬ್ರಿಗಂ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಯೋಜನಾ ಪ್ರಯೋಗಾಲಯದೊಡನೆ ಅವರದು ದೀರ್ಘಕಾಲದ ಒಡನಾಟ. ಅಲ್ಲಿ ಬೆಳೆದ ‘ತ್ರೀಡಿ ಸ್ಲೈಸರ್’ ತಂತ್ರಾಂಶದ ಒಡಲಲ್ಲಿ ಇರುವುದೂ ವಿ.ಟಿ.ಕೆ.ಯೇ.

ಆಸ್ಪತ್ರೆಗಾಗಿ ಹುಟ್ಟಿದ ಘನ ಸೂಪರ್‌ಕಂಪ್ಯೂಟರಿನ ಲೋಕಕ್ಕೆ ಹೋದದ್ದು ಮಾತ್ರ ರಾಜಕೀಯದ ಒಂದು ತಿರುವಿನಿಂದ. 1992ರ ಸೆಪ್ಟೆಂಬರಿನ ನಂತರ ಅಮೆರಿಕ ಅಣ್ವಸ್ತ್ರಗಳ ಭೂಗತ ಸ್ಫೋಟಪರೀಕ್ಷೆಗಳನ್ನು ನಿಲ್ಲಿಸಿತು. ಸಿಡಿಸಿ ನೋಡದೆ ಶಸ್ತ್ರಗಳ ಸ್ಥಿತಿಯನ್ನು ತಿಳಿಯಬೇಕಾದರೆ ಲೆಕ್ಕದಿಂದಲೇ ತಿಳಿಯಬೇಕು. ಅದಕ್ಕಾಗಿ ಇಂಧನ ಇಲಾಖೆ ಹೂಡಿದ ಬೃಹತ್ ಕಾರ್ಯಕ್ರಮದಲ್ಲಿ ಲಾಸ್ ಅಲಾಮೋಸ್, ಲಿವರ್‌ಮೋರ್, ಸ್ಯಾಂಡಿಯ ಪ್ರಯೋಗಾಲಯಗಳಿಗೆ ಹಿಂದೆಂದೂ ಕಾಣದ ಗಾತ್ರದ ಯಂತ್ರಗಳು ಬಂದುವು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕಗಳ ಗಡಿಯನ್ನು ದಾಟಿದ ಮೊದಲ ಯಂತ್ರ ಸ್ಯಾಂಡಿಯದ್ದು. ಅವುಗಳ ಫಲಿತಾಂಶವನ್ನು ಒಂದೇ ಗಣಕದ ನೆನಪಿನಲ್ಲಿ ತುಂಬಿ ಚಿತ್ರ ಬರೆಯುವುದು ಅಸಾಧ್ಯವಾಯಿತು. ಲಾಸ್ ಅಲಾಮೋಸ್‌ನ ಜಿಮ್ ಅಹ್ರೆನ್ಸ್ ಅವರ ಗುಂಪು ವಿ.ಟಿ.ಕೆ.ಯತ್ತ ತಿರುಗಿತು. 2000ದಲ್ಲಿ ಅವರೂ ಕಿಟ್‌ವೇರ್‌ನವರೂ ಕೂಡಿ ಆರಂಭಿಸಿದ ‘ಪ್ಯಾರಾವ್ಯೂ’ 2002ರ ಅಕ್ಟೋಬರಿನಲ್ಲಿ ಸಾರ್ವಜನಿಕರ ಕೈಗೆ ಬಂತು.

ಹದಿನೈದು ವರ್ಷ ಹಿಂದೆ ತಲೆಬುರುಡೆಗಾಗಿ ಬರೆದ ವಿಧಾನ ಸಾವಿರಾರು ಸಂಸ್ಕಾರಕಗಳ ಯಂತ್ರಕ್ಕೆ ಹೇಗೆ ಒಗ್ಗಿತು? ಉತ್ತರ ಆ ಘನದ ದೃಷ್ಟಿಯ ಮಿತಿಯಲ್ಲಿದೆ. ಒಂದು ಘನಕ್ಕೆ ತನ್ನ ಎಂಟು ಮೂಲೆಗಳ ಹೊರತು ಲೋಕದ ಬೇರೇನೂ ತಿಳಿಯಬೇಕಾಗಿಲ್ಲ. ನೆರೆಯವನು ಏನು ಮಾಡಿದನೆಂದು ಕಾಯಬೇಕಾಗಿಯೂ ಇಲ್ಲ. ಊರ ಕೆರೆಯ ಹೂಳೆತ್ತುವಾಗ ಆಳಿಗೊಂದು ಚೌಕ ಹಂಚಿಕೊಟ್ಟಂತೆ, ದತ್ತಾಂಶವನ್ನು ತುಂಡುಮಾಡಿ ಸಂಸ್ಕಾರಕಕ್ಕೊಂದು ಪಾಲು ಕೊಟ್ಟರೆ ಎಲ್ಲರೂ ಏಕಕಾಲಕ್ಕೆ ದುಡಿಯಬಹುದು. ಗಡಿಯಲ್ಲಿ ಸೀಳು ಕಾಣದಿರಲೆಂದು ಪ್ರತಿ ಪಾಲಿನ ಅಂಚಿನಲ್ಲಿ ನೆರೆಯ ಪಾಲಿನ ಒಂದು ಪದರವನ್ನು ನಕಲಾಗಿ ಇಟ್ಟುಕೊಳ್ಳುವ ಎಚ್ಚರ ಬೇಕು, ಅಷ್ಟೆ. 1985ರಲ್ಲಿ ಇದನ್ನು ಯಾರೂ ಮುಂಗಂಡಿರಲಾರರು. ಅಂದಿನ ಗಣಕದ ನೆನಪು ಚಿಕ್ಕದಾಗಿದ್ದಾಗ ಒಂದೊಂದೇ ಘನವನ್ನು ನೋಡುವುದು ಮಿತವ್ಯಯದ ದಾರಿಯಾಗಿತ್ತು. ಆ ಬಡತನದ ಗುಣವೇ ಮುಂದೆ ಸಿರಿವಂತ ಯಂತ್ರಗಳಿಗೆ ಬೇಕಾಯಿತು.

ಇಂದು ತೊಡಕು ಬೇರೆಡೆಗೆ ಸರಿದಿದೆ. ಓಕ್ ರಿಜ್‌ನ ‘ಫ್ರಾಂಟಿಯರ್’ 2022ರಲ್ಲಿ ಸೆಕೆಂಡಿಗೆ ಹತ್ತರ ಹದಿನೆಂಟನೆಯ ಘಾತದಷ್ಟು ಲೆಕ್ಕಗಳ ಗಡಿ ದಾಟಿತು. ಲೆಕ್ಕ ಮಾಡುವ ವೇಗ ಬೆಳೆದಷ್ಟು ಫಲಿತಾಂಶವನ್ನು ಸಂಗ್ರಹಕ್ಕೆ ಬರೆದಿಡುವ ವೇಗ ಬೆಳೆದಿಲ್ಲ. ಆದ್ದರಿಂದ ಅಂಕಿಗಳನ್ನು ಉಳಿಸಿ ಆಮೇಲೆ ನೋಡುವ ಬದಲು, ಲೆಕ್ಕ ನಡೆಯುತ್ತಿರುವಾಗಲೇ ಯಂತ್ರದೊಳಗೇ ಮೇಲ್ಮೈಗಳನ್ನು ತೆಗೆದು ಚಿತ್ರವನ್ನಷ್ಟೇ ಉಳಿಸುವ ಕ್ರಮ ಬಂದಿದೆ. ಯಾವುದನ್ನು ನೋಡಬೇಕೆಂದು ಮೊದಲೇ ತೀರ್ಮಾನಿಸಬೇಕಾದ ಕಷ್ಟ ಇದರಲ್ಲಿದೆ. ನೋಡದೆ ಬಿಟ್ಟದ್ದು ಶಾಶ್ವತವಾಗಿ ಹೋಯಿತು. ಮಾರ್ಚಿಂಗ್ ಕ್ಯೂಬ್ಸ್ ಕೂಡ ರೂಪ ಬದಲಿಸಿದೆ. 2015ರಲ್ಲಿ ಶ್ರೋಡರ್ ಮತ್ತು ಸಂಗಡಿಗರು ಪ್ರಕಟಿಸಿದ ‘ಫ್ಲೈಯಿಂಗ್ ಎಡ್ಜಸ್’ ಅದೇ ಕೋಷ್ಟಕದ ತತ್ತ್ವವನ್ನು ಘನಗಳ ಬದಲು ಅಂಚುಗಳ ಸಾಲಿನ ಮೇಲೆ ನಡೆಸಿ ಇನ್ನೂ ವೇಗ ಪಡೆಯುತ್ತದೆ.

ಈ ಪರ್ಯಟನೆಯಲ್ಲಿ ಘನ ನಮ್ಮ ನೆಲವನ್ನೂ ಮುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೃಶ್ಯೀಕರಣ ಪ್ರಯೋಗಾಲಯದವರು ಅಲ್ಲಿಯದೇ ಸಾಗರವಿಜ್ಞಾನಿಗಳೊಡನೆ ಸೇರಿ ‘ಪೈಪ್ಯಾರಾಓಷನ್’ ಎಂಬ ತಂತ್ರಾಂಶವನ್ನು ಪ್ಯಾರಾವ್ಯೂ ಮೇಲೆಯೇ ಕಟ್ಟಿದ್ದಾರೆ. ಮುಂಗಾರಿನ ಕಾಲದಲ್ಲಿ ಅರಬ್ಬೀ ಸಮುದ್ರದ ಹೆಚ್ಚು ಉಪ್ಪಿನ ನೀರು ಶ್ರೀಲಂಕಾದ ದಕ್ಷಿಣದಿಂದ ಬಳಸಿ ಬಂಗಾಳ ಕೊಲ್ಲಿಯೊಳಗೆ ನುಗ್ಗುತ್ತದೆ. ಆ ಉಪ್ಪುನೀರಿನ ಮುಂಚೂಣಿ ದಿನದಿನಕ್ಕೆ ಎಲ್ಲಿಯವರೆಗೆ ಸರಿಯಿತೆಂದು ಅವರು ಕಣ್ಣಿಗೆ ಕಾಣುವಂತೆ ಮಾಡಿದ್ದಾರೆ. ಉಪ್ಪಿನಂಶದ ಒಂದು ಮಟ್ಟವನ್ನು ಆರಿಸಿ ಅದರ ಮೇಲ್ಮೈಯನ್ನು ಹಿಂಬಾಲಿಸುವುದೇ ಅಲ್ಲಿಯೂ ಮೂಲ ಉಪಾಯ. ಎಲುಬಿನ ಜಾಗದಲ್ಲಿ ಕಡಲಿದೆ. ಮುಂಗಾರಿನ ನಡೆಯನ್ನು ಅರಿಯಲು ಬಂಗಾಳ ಕೊಲ್ಲಿಯನ್ನು ಅರಿಯಲೇಬೇಕಾದ ನಾಡಿನವರು ನಾವು; ಸ್ಕೆನೆಕ್ಟಡಿ ಸೀಮೆಯ ಕೋಷ್ಟಕಕ್ಕೆ ಅಲ್ಲಿ ಕೆಲಸ ಸಿಕ್ಕಿದ್ದು ನಮಗೆ ಹೆಮ್ಮೆಗಿಂತ ಹೆಚ್ಚಾಗಿ ಸಂತೋಷ ತಂದಿದೆ.

ಲೊರೆನ್ಸನ್ ತಮ್ಮ ಶಾಸ್ತ್ರದ ಬಗ್ಗೆ ಸಂತುಷ್ಟರಾಗಿ ಕುಳಿತವರಲ್ಲ. 2004ರಲ್ಲಿ, ವಿ.ಟಿ.ಕೆ. ಎಲ್ಲೆಲ್ಲೂ ಹರಡಿದ್ದ ಕಾಲದಲ್ಲಿಯೇ, ದೃಶ್ಯೀಕರಣದ ಮರಣದ ಕುರಿತು ಒಂದು ಚಿಕ್ಕ ಲೇಖನವನ್ನು ಬರೆದು ತಮ್ಮವರನ್ನೇ ಕೆಣಕಿದರು. ಶಾಸ್ತ್ರಜ್ಞರು ತಮ್ಮತಮ್ಮೊಳಗೇ ಮಾತನಾಡಿಕೊಳ್ಳುತ್ತಿದ್ದಾರೆ, ಚಿತ್ರ ಬೇಕಾಗಿರುವ ವೈದ್ಯರೂ ವಿಜ್ಞಾನಿಗಳೂ ಸಮ್ಮೇಳನಗಳಿಗೆ ಬರುವುದನ್ನೇ ಬಿಟ್ಟಿದ್ದಾರೆ, ಇರುವ ಸಾಧನಗಳನ್ನು ಅಷ್ಟಿಷ್ಟು ತೀಡುವುದೇ ಸಂಶೋಧನೆ ಎನಿಸಿದೆ ಎಂಬುದು ಅವರ ಆಕ್ಷೇಪದ ಸಾರ. ಬೇರೆ ಶಾಸ್ತ್ರಗಳವರ ಮನೆಗೆ ಹೋಗಿ ಅವರ ಜೊತೆ ಬಾಳಬೇಕೆಂದು ಅವರು ಒತ್ತಾಯಿಸಿದರು. ಅಂದು ಹಲವರಿಗೆ ಇದು ಅತಿಯೆನಿಸಿತು. ನಮ್ಮ ದೃಷ್ಟಿಯಲ್ಲಿ ಅದು ತೋಪಿನ ನಳಿಗೆಯ ಬಿರುಕನ್ನು ಹುಡುಕುತ್ತಾ ಕಸುಬು ಕಲಿತವರ ಮಾತು. ಬೇಡುವವರಿಲ್ಲದ ಚಿತ್ರ ಅವರಿಗೆ ಅರ್ಥಹೀನ.

ನಿವೃತ್ತಿಯ ನಂತರ ಅವರು ಕೈಗೊಂಡ ಕೆಲಸಕ್ಕೆ ಪ್ರಶಸ್ತಿಯ ಆಸೆಯಿರಲಿಲ್ಲ. ವಿ.ಟಿ.ಕೆ.ಯ ಪ್ರತಿಯೊಂದು ಅಂಗವನ್ನೂ ಹೊಸಬರು ಬಳಸಲು ಕಲಿಯುವಂತೆ ನೂರಾರು ಚಿಕ್ಕ ಉದಾಹರಣೆಗಳನ್ನು ಬರೆದು, ಇತರರು ಬರೆದವನ್ನು ತಿದ್ದಿ, ಪ್ರತಿಯೊಂದಕ್ಕೂ ಚಿತ್ರ ಸೇರಿಸಿ ಅಂತರ್ಜಾಲದಲ್ಲಿ ಜೋಡಿಸಿಟ್ಟರು. ಹೆಸರಾಂತ ಪ್ರಬಂಧದ ಕರ್ತೃವೆಂದು ತಿಳಿಯದೆಯೇ ಅವರಿಂದ ಉತ್ತರ ಪಡೆದ ವಿದ್ಯಾರ್ಥಿಗಳು ಎಷ್ಟೋ ಮಂದಿ ಇದ್ದಿರಬೇಕು. 2019ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮಾರ್ಚಿಂಗ್ ಕ್ಯೂಬ್ಸ್ ಹುಟ್ಟಿದ ಬಗೆಯನ್ನು ಅವರೇ ಬರೆದಿದ್ದ ಲೇಖನ ಮರುವರ್ಷ ಐಟ್ರಿಪಲ್ಇ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅವರು ರೂಢಿಸಿದ ರಾತ್ರಿಯ ಪರೀಕ್ಷೆ ಈಗಲೂ ಪ್ರತಿದಿನ ನಡೆಯುತ್ತದೆ, ವಿ.ಟಿ.ಕೆ.ಯ ಹಸಿರು-ಕೆಂಪು ಪಟ್ಟಿ ಬೆಳಗಾಗುವ ಹೊತ್ತಿಗೆ ಸಿದ್ಧವಿರುತ್ತದೆ, ಯಾರು ಬೇಕಾದರೂ ನೋಡಬಹುದು.